ಶಿರಸಿಗೆ ಹೋಗುವುದಾದರೆ ಮೊದಲು ಕೊನೆಕೊಯ್ಲಿನ ದಿನ ಕೇಳಿ

ಪ್ರಶ್ನೆ: ನಾವು ಬೆಂಗಳೂರಿನವರು. ನಾನು, ಹೆಂಡತಿ, 11 ಮತ್ತು 6 ವರ್ಷದ ಮಕ್ಕಳು, ಜೊತೆಗೆ 68ರ ಅಮ್ಮ. ಅಮ್ಮನಿಗೆ ಮಂಡಿನೋವು, ಘಟ್ಟದ ತಿರುವುಗಳಲ್ಲಿ ವಾಂತಿಯಾಗುತ್ತದೆ. ಅಡಿಕೆ ಮರದಿಂದ ಇಳಿದು ಮಾರುಕಟ್ಟೆಗೆ ಹೋಗುವವರೆಗೆ ಏನೇನಾಗುತ್ತದೆ ಎಂದು ಮಕ್ಕಳಿಗೆ ತೋರಿಸುವ ಆಸೆ. ಶುಕ್ರವಾರ ಮಧ್ಯಾಹ್ನ ಹೊರಡಬಹುದು, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಿರಬೇಕು. ಚಿಕ್ಕ ಕಾರಿದೆ. ಶಿರಸಿಗೆ ಹೋಗಿಬರಲು ಸಾಧ್ಯವೇ? ಯಾವ ತಿಂಗಳು, ಯಾವ ದಾರಿ? ಜೋಗ, ಯಾಣ ಎರಡನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ: ಸಾಧ್ಯ. ಆದರೆ ಜೋಗ, ಯಾಣ ಎರಡನ್ನೂ ಈ ಸಲಕ್ಕೆ ಬಿಡಿ. ಶಿರಸಿಯಿಂದ ಜೋಗ ಸುಮಾರು 60 ಕಿಲೋಮೀಟರ್, ಯಾಣ 40. ಎರಡೂ ಬೇರೆ ಬೇರೆ ದಿಕ್ಕು. ಯಾಣದಲ್ಲಿ ಬಂಡೆಯ ಬುಡ ತಲುಪಲು ಮೆಟ್ಟಿಲು ಹತ್ತಲೇಬೇಕು, ನಿಮ್ಮ ತಾಯಿಯವರು ಕಾರಿನಲ್ಲೇ ಕೂರಬೇಕಾಗುತ್ತದೆ. ನಿಮಗಿರುವುದು ಒಂದು ಪೂರ್ತಿ ದಿನ, ಇನ್ನೊಂದು ಬೆಳಗು. ಅದನ್ನು ಅಡಿಕೆಗೇ ಕೊಟ್ಟರೆ ಮಕ್ಕಳು ನೋಡಬೇಕಾದದ್ದನ್ನು ನೋಡುತ್ತಾರೆ. ಜಲಪಾತ, ಬಂಡೆಗಳ ಬೆನ್ನು ಹತ್ತಿದರೆ ಅಡಿಕೆ ಮರವನ್ನು ಕಾರಿನ ಕಿಟಕಿಯಿಂದ ನೋಡಿ ವಾಪಸಾಗುತ್ತೀರಿ.

ಮುಖ್ಯ ಮಾತು ಮೊದಲು ಹೇಳುತ್ತೇನೆ. ಇಂಥ ಪ್ರವಾಸದಲ್ಲಿ ಬಹಳ ಜನ ಮೊದಲು ಕೋಣೆ ಕಾಯ್ದಿರಿಸುತ್ತಾರೆ, ಆಮೇಲೆ ತೋಟದಲ್ಲಿ ಕೊಯ್ಲು ಇದೆಯೇ ಎಂದು ಕೇಳುತ್ತಾರೆ. ಕ್ರಮ ತಿರುಗಬೇಕು. ಅಡಿಕೆ ಸುಗ್ಗಿ ಮೂರು ನಾಲ್ಕು ತಿಂಗಳು ನಡೆಯುತ್ತದೆ ನಿಜ, ಆದರೆ ಒಂದು ಮನೆಯ ತೋಟದಲ್ಲಿ ಕೊಯ್ಲು ನಡೆಯುವುದು ಆ ಅವಧಿಯಲ್ಲಿ ಎರಡು ಮೂರು ಸಲ ಮಾತ್ರ, ಪ್ರತಿ ಸಲವೂ ಕೆಲವೇ ದಿನ. ಒಂದೇ ಮರದಲ್ಲಿ ಎರಡು ಮೂರು ಗೊನೆಗಳು ಬೇರೆ ಬೇರೆ ಹೊತ್ತಿಗೆ ಬಲಿಯುವುದರಿಂದ ಹೀಗೆ ಸುತ್ತು ಸುತ್ತಾಗಿ ಕೊಯ್ಯುತ್ತಾರೆ. ಶಿರಸಿ ಕಡೆ ಗೊನೆಗೆ ‘ಕೊನೆ’ ಎನ್ನುತ್ತಾರೆ, ಕೊಯ್ಲಿಗೆ ‘ಕೊನೆಕೊಯ್ಲು’, ಮರ ಹತ್ತಿ ಕೊಯ್ಯುವವನಿಗೆ ‘ಕೊನೆಗೌಡ’. ಆ ಕೌಶಲ ಇರುವವರು ಈಗ ಕಡಿಮೆ. ಒಬ್ಬ ಕೊನೆಗೌಡ ಬರುವ ದಿನ ಸಿಕ್ಕ ಮೇಲೆಯೇ ಮನೆಯವರು ಉಳಿದ ಕೆಲಸ ಹೊಂದಿಸಿಕೊಳ್ಳುತ್ತಾರೆ. ನೀವು ಅದಕ್ಕೆ ಹೊಂದಿಕೊಳ್ಳಬೇಕು, ಅವರು ನಿಮಗಲ್ಲ.

ಆದ್ದರಿಂದ ಹೋಮ್‌ಸ್ಟೇಗೆ ಹತ್ತು ದಿನ ಮೊದಲು ಫೋನ್ ಮಾಡಿ ಇಷ್ಟು ಕೇಳಿ: ಈ ಶನಿವಾರ ನಿಮ್ಮ ತೋಟದಲ್ಲಿ ಕೊನೆಕೊಯ್ಲು ಇದೆಯೇ? ಇಲ್ಲದಿದ್ದರೆ ಅಕ್ಕಪಕ್ಕದ ಯಾರ ತೋಟದಲ್ಲಾದರೂ ಇದೆಯೇ, ಹೋಗಿ ನೋಡಬಹುದೇ? ಕೆಂಪಡಿಕೆ (ಹಸಿರು ಕಾಯಿ ಸುಲಿದು ಬೇಯಿಸಿದ್ದು) ಮಾಡುತ್ತೀರಾ, ಚಾಲಿಯಾ (ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿದ್ದು)? ಬೇಯಿಸುವ ಒಲೆ ಆ ದಿನ ಹತ್ತಿರುತ್ತದೆಯೇ? ರಾತ್ರಿ ಸುಲಿಯಲು ಜನ ಬರುತ್ತಾರೆಯೇ? ಜೊತೆಗೆ ತಾಯಿಯವರ ಸಲುವಾಗಿ ಎರಡು ಪ್ರಶ್ನೆ: ಮಲಗುವ ಕೋಣೆ ನೆಲದ ಮಟ್ಟದಲ್ಲಿದೆಯೇ, ಕುರ್ಚಿಯಂತೆ ಕೂರುವ ಕಮೋಡ್ ಇದೆಯೇ? ‘ಬನ್ನಿ, ಎಲ್ಲಾ ಇದೆ’ ಎಂಬ ಉತ್ತರಕ್ಕೆ ಸಮಾಧಾನ ಪಡಬೇಡಿ, ಒಂದೊಂದಕ್ಕೂ ಉತ್ತರ ಪಡೆಯಿರಿ. ಗುರುವಾರ ಮತ್ತೊಮ್ಮೆ ಫೋನ್ ಮಾಡಿ, ಏಕೆಂದರೆ ಕೊನೆಗೌಡನ ದಿನ ಹಿಂದೆ ಮುಂದೆ ಆಗುವುದು ಮಾಮೂಲು.

ತಿಂಗಳ ವಿಷಯ. ಡಿಸೆಂಬರ್ ಮೊದಲ ವಾರದಿಂದ ಜನವರಿ ಕೊನೆಯವರೆಗೆ ನಿಮಗೆ ಸರಿಯಾದ ಕಾಲ. ಸುಗ್ಗಿ ನವೆಂಬರ್ ಹೊತ್ತಿಗೆ ಶುರುವಾಗಿ ಫೆಬ್ರವರಿ ದಾಟುವುದೂ ಉಂಟು, ಆದರೆ ಆರಂಭದಲ್ಲಿ ಹಸಿರು ಕಾಯಿ ಹೆಚ್ಚು, ಕೊನೆಯಲ್ಲಿ ಹಣ್ಣಡಿಕೆ ಹೆಚ್ಚು. ನಡುವಿನ ಈ ಎರಡು ತಿಂಗಳಲ್ಲಿ ಎರಡೂ ಒಟ್ಟಿಗೆ ಕಾಣುವ ಸಂಭವ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋದರೆ ತೋಟ ಚೆಂದ ಕಾಣುತ್ತದೆ, ಕೊಯ್ಲು ಮಾತ್ರ ಇರುವುದಿಲ್ಲ. ಆಗ ನಡೆಯುವುದು ಕೊಳೆರೋಗದ ಔಷಧಿ ಹೊಡೆಯುವ ಕೆಲಸ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮರದ ತುದಿಯ ಗೊನೆಗೆ ಸಿಂಪಡಿಸುತ್ತಾರೆ. ಕೆಳಗೆ ನಿಂತವರ ಮೇಲೂ ಅದು ಬೀಳುತ್ತದೆ, ಉಂಬಳದ (ಜಿಗಣೆಯ) ಕಾಟವೂ ಇರುತ್ತದೆ. ಚಿಕ್ಕ ಮಕ್ಕಳಿಗೆ ಹೇಳಿಸಿದ ಹೊತ್ತಲ್ಲ.

ಒಂದು ಎಚ್ಚರಿಕೆ: ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುತ್ತದೆ. 2024, 2026, 2028 ಹೀಗೆ ಅದರ ಸರದಿ. ಆ ಒಂಬತ್ತು ದಿನ ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಕೋಣೆಯಂತೂ ದೂರದ ಮಾತು. ಜಾತ್ರೆಗೆಂದೇ ಹೋಗುವುದು ಬೇರೆ. ಅಡಿಕೆ ನೋಡಲು ಆ ವಾರ ಬೇಡ.

ದಾರಿ. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು ದಾಟಿ ಹಾವೇರಿ; ಅಲ್ಲಿ ಎಡಕ್ಕೆ ಹೊರಳಿ ಶಿರಸಿ. ಹಾವೇರಿಯವರೆಗೆ ಸುಮಾರು 335 ಕಿಲೋಮೀಟರ್, ಅಲ್ಲಿಂದ ಇನ್ನು 75. ಈ ದಾರಿಯಲ್ಲಿ ಘಟ್ಟ ಹತ್ತಿಳಿಯುವ ಪ್ರಸಂಗವೇ ಬರುವುದಿಲ್ಲ. ಶಿರಸಿ ಘಟ್ಟದ ಮೇಲಿನ ಊರು, ನೀವು ಬಯಲುಸೀಮೆಯಿಂದ ಬರುತ್ತೀರಿ, ಘಟ್ಟ ಇರುವುದು ಆಚೆ ಕಡಲಿನ ಮಗ್ಗುಲಿಗೆ. ತಾಯಿಯವರಿಗೆ ಇದಕ್ಕಿಂತ ಹಿತವಾದ ದಾರಿಯಿಲ್ಲ. ಶಿವಮೊಗ್ಗ, ಸಾಗರ, ಸಿದ್ದಾಪುರದ ದಾರಿ ನೋಡಲು ಸೊಗಸು, ಆದರೆ ಸಾಗರದಾಚೆ ತಿರುವು ಜಾಸ್ತಿ, ಹೊತ್ತೂ ಹಿಡಿಯುತ್ತದೆ. ‘ಇಷ್ಟು ದೂರ ಬಂದಿದ್ದೇವೆ, ಕುಮಟಾಕ್ಕೆ ಇಳಿದು ಕಡಲು ನೋಡಿಬರೋಣ’ ಎಂದು ಮಕ್ಕಳು ಹಟ ಹಿಡಿದಾರು. 60 ಕಿಲೋಮೀಟರ್ ಅಷ್ಟೇ ಅನ್ನಿಸುತ್ತದೆ, ನಡುವೆ ದೇವಿಮನೆ ಘಟ್ಟವಿದೆ. ಒಪ್ಪಬೇಡಿ.

ಶುಕ್ರವಾರ ಒಂದೂವರೆ, ಎರಡು ಗಂಟೆಗೆ ಬೆಂಗಳೂರು ಬಿಡಿ. ನಾಲ್ಕರ ಮೇಲೆ ಹೊರಟರೆ ನೆಲಮಂಗಲ ದಾಟುವುದರಲ್ಲೇ ಒಂದು ತಾಸು ಹೋಗುತ್ತದೆ. ಅದೇ ರಾತ್ರಿ ಶಿರಸಿ ಮುಟ್ಟುವ ಹಟ ಬೇಡ. ಹಾವೇರಿಯಿಂದ ಮುಂದೆ ಎರಡು ಲೇನಿನ ರಸ್ತೆ. ಕತ್ತಲಲ್ಲಿ ದನಗಳು ಅಡ್ಡ ಬರುತ್ತವೆ, ದೀಪವಿಲ್ಲದ ಎತ್ತಿನ ಗಾಡಿ, ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಾಗುತ್ತವೆ, ಸುಗ್ಗಿಯ ಕಾಲಕ್ಕೆ ಮೆಕ್ಕೆಜೋಳವನ್ನು ರಸ್ತೆಯ ಅರ್ಧಕ್ಕೆ ಹರವಿ ಅಂಚಿಗೆ ಕಲ್ಲಿಟ್ಟಿರುವುದೂ ಉಂಟು. ಶಿರಸಿ ಹತ್ತಿರವಾದಂತೆ ಕಾಡು. ದಾವಣಗೆರೆ ಅಥವಾ ಹಾವೇರಿಯಲ್ಲಿ ಮಲಗಿ. ಊಟ, ವಸತಿಗೆ ಆಯ್ಕೆ ಹೆಚ್ಚಿರುವುದು ದಾವಣಗೆರೆಯಲ್ಲಿ, ಬೆಳಗಿನ ಹೊತ್ತು ಉಳಿಯುವುದು ಹಾವೇರಿಯಲ್ಲಿ. ಆರು ವರ್ಷದ ಮಗು ಏಳಕ್ಕೇ ಎದ್ದು ಹೊರಡಬೇಕಾದ್ದರಿಂದ ಹಾವೇರಿಯೇ ವಾಸಿ. ಅಲ್ಲಿಂದ ಏಳಕ್ಕೆ ಬಿಟ್ಟರೆ ಒಂಬತ್ತರ ಹೊತ್ತಿಗೆ ಶಿರಸಿ.

ಹಾವೇರಿಯಲ್ಲೇ ಪೆಟ್ರೋಲ್ ತುಂಬಿಸಿಕೊಂಡು, ಗಾಳಿ ನೋಡಿಸಿ. ಐದು ಜನ, ಸಾಮಾನು ತುಂಬಿದ ಚಿಕ್ಕ ಕಾರಿಗೆ ತೊಂದರೆ ಬರುವುದು ಹೆದ್ದಾರಿಯಲ್ಲಲ್ಲ, ತೋಟದ ಮನೆಗೆ ಹೋಗುವ ಕೊನೆಯ ಒಂದೆರಡು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ. ನಡುವೆ ಏರುದಿಬ್ಬ, ಎರಡು ಕಡೆ ಚಕ್ರದ ಹಳ್ಳ ಇರುವ ಕಡೆ ಕಾರಿನ ಹೊಟ್ಟೆ ಉಜ್ಜುತ್ತದೆ. ಹಳ್ಳದಲ್ಲಿ ಚಕ್ರ ಇಳಿಸದೆ ಒಂದು ಚಕ್ರವನ್ನು ದಿಬ್ಬದ ಮೇಲೆ, ಇನ್ನೊಂದನ್ನು ಅಂಚಿನ ಮೇಲೆ ಓಡಿಸಿ. ಮಕ್ಕಳನ್ನು ಇಳಿಸಿ ನಡೆಸಿದರೆ ಇನ್ನೂ ಒಳ್ಳೆಯದು. ಮೊಬೈಲಿನ ನಕ್ಷೆ ಹತ್ತಿರದ ದಾರಿಯೆಂದು ಗದ್ದೆಯ ಬದುವಿಗೆ ಕರೆದೊಯ್ದೀತು. ಮನೆಯವರನ್ನೇ ಕೇಳಿ ತಿರುವುಗಳನ್ನು ಬರೆದಿಟ್ಟುಕೊಳ್ಳಿ, ಅಲ್ಲಿ ಸಿಗ್ನಲ್ ಇರದೇ ಹೋಗಬಹುದು.

ಈಗ ತೋಟ. ಇಬ್ಬನಿ ಆರಿದ ಮೇಲೆ, ಎಂದರೆ ಎಂಟೂವರೆ ಒಂಬತ್ತರ ಸುಮಾರಿಗೆ ಕೊಯ್ಲು ಶುರುವಾಗುತ್ತದೆ. ಒದ್ದೆ ಮರ ಜಾರುತ್ತದೆ. ಕೊನೆಗೌಡ ಎರಡು ಪಾದಕ್ಕೂ ಸೇರಿಸಿ ಹಗ್ಗದ ಬಳೆಯೊಂದನ್ನು ತೊಟ್ಟು ಮರ ಹತ್ತುತ್ತಾನೆ, ಮೇಲೆ ಹೋದ ಮೇಲೆ ಕೂರಲು ಪುಟ್ಟ ಮಣೆ ಸಿಕ್ಕಿಸಿಕೊಳ್ಳುತ್ತಾನೆ. ಒಂದು ಮರದ ಗೊನೆ ತೆಗೆದು ಕೆಳಗಿಳಿಯುವುದಿಲ್ಲ; ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಹೀಗೆ ಹತ್ತಾರು ಮರ ಮೇಲಿಂದ ಮೇಲೇ. ಕೊಯ್ದ ಗೊನೆ ಹಗ್ಗದಲ್ಲಿ ಜಾರಿಕೊಂಡು ಬರುತ್ತದೆ, ಕೆಳಗೆ ಒಬ್ಬ ಹಗ್ಗದ ತುದಿಯನ್ನು ಓರೆಯಾಗಿ ಎಳೆದು ಹಿಡಿದಿರುತ್ತಾನೆ. ಹಗ್ಗ ಸಡಿಲ ಬಿಟ್ಟರೆ ಗೊನೆ ನೆಲಕ್ಕೆ ಅಪ್ಪಳಿಸಿ ಕಾಯೆಲ್ಲ ಚೆಲ್ಲುತ್ತದೆ, ಆಮೇಲೆ ಸೊಪ್ಪಿನ ನಡುವೆ ಹೆಕ್ಕುವ ಕೆಲಸ. ಕೆಲವು ತೋಟಗಳಲ್ಲಿ ಈಗ ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊಯ್ಯುತ್ತಾರೆ. ಅದೂ ನೋಡತಕ್ಕದ್ದೇ: ಮರದಷ್ಟೇ ಉದ್ದದ ದೋಟಿಯ ತುದಿ ಗಾಳಿಗೆ ಓಲಾಡುತ್ತಿರುವಾಗ ಕತ್ತಿಯನ್ನು ಗೊನೆಯ ಬುಡಕ್ಕೆ ಸಿಕ್ಕಿಸುವುದು ಸುಲಭದ ಕೆಲಸವಲ್ಲ.

ಮಕ್ಕಳು ನಿಲ್ಲಬೇಕಾದದ್ದು ಹಗ್ಗ ಹಿಡಿದವನ ಹಿಂದೆ, ಕೊನೆಗೌಡ ಇರುವ ಮರದಿಂದ ಕನಿಷ್ಠ ಎರಡು ಮೂರು ಸಾಲು ಆಚೆ. ಗೊನೆಯಷ್ಟೇ ಅಲ್ಲ, ಒಣಗಿದ ಸೋಗೆ (ಅಡಿಕೆಯ ಗರಿ) ಹಾಳೆಸಮೇತ ಬೀಳುತ್ತದೆ, ಅದರ ಬುಡ ಭಾರವಾಗಿರುತ್ತದೆ. ಮೇಲಿರುವವನನ್ನು ಕೂಗಿ ಮಾತಾಡಿಸಬೇಡಿ, ಫೋಟೋಕ್ಕೆ ಇತ್ತ ತಿರುಗಿ ಎನ್ನಬೇಡಿ.

ಮಲೆನಾಡಿನ ಅಡಿಕೆ ತೋಟ ಸಾಮಾನ್ಯವಾಗಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿರುತ್ತದೆ, ಮನೆ ಮೇಲೆ. ಇಳಿಯಲು ಕಲ್ಲು ಮೆಟ್ಟಿಲು, ಕಾಲುವೆ ದಾಟಲು ಅಡಿಕೆ ದಬ್ಬೆಯ ಸಂಕ (ಸೀಳಿದ ಮರದ ಕಿರುಸೇತುವೆ). ನಿಮ್ಮ ತಾಯಿಯವರು ಇಳಿಯುವುದು ಬೇಡ. ಅವರಿಗೆ ನಷ್ಟವೇನಿಲ್ಲ: ಅಡಿಕೆಯ ನಿಜವಾದ ಕೆಲಸ ನಡೆಯುವುದೇ ಅಂಗಳದಲ್ಲಿ, ಅವರು ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡಬಹುದು.

ಅಂಗಳದಲ್ಲಿ ಏನು ನೋಡಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ಹಸಿರಾಗಿರುವಾಗಲೇ ಕೊಯ್ದ ಕಾಯಿ ಒಂದು ದಾರಿ ಹಿಡಿಯುತ್ತದೆ, ಹಣ್ಣಾದದ್ದು ಇನ್ನೊಂದು. ಹಸಿರು ಕಾಯಿಯನ್ನು ತಡಮಾಡದೆ ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಕಡುಗೆಂಪಾಗಿ ಒಗರಾಗುತ್ತದೆ, ಅದಕ್ಕೆ ‘ಚೊಗರು’ ಎಂದು ಹೆಸರು. ಹಿಂದಿನ ಸಲದ ಚೊಗರನ್ನು ಚೆಲ್ಲದೆ ಮುಂದಿನ ಹಂಡೆಗೆ ಬೆರೆಸುತ್ತಾರೆ, ಅಡಿಕೆಗೆ ಕೆಂಪು ಬಣ್ಣ, ಹೊಳಪು ಬರುವುದು ಅದರಿಂದಲೇ. ಆಮೇಲೆ ವಾರದಷ್ಟು ಬಿಸಿಲು. ಇಡಿಯಾಗಿ ಬೇಯಿಸಿದ್ದು ರಾಶಿ, ಎಳೆಯದನ್ನು ಹೋಳು ಮಾಡಿದ್ದು ಬೆಟ್ಟೆ. ಹಣ್ಣಡಿಕೆಯನ್ನು ಬೇಯಿಸುವುದಿಲ್ಲ. ಸಿಪ್ಪೆಸಮೇತ ಒಂದೇ ಪದರವಾಗಿ ಅಂಗಳದಲ್ಲಿ ಹರವಿ, ಆಗಾಗ ಮಗುಚಿ, 40 ದಿನದ ಸುಮಾರು ಒಣಗಿಸಿ ಸುಲಿದರೆ ಅದು ಚಾಲಿ. ಈಗ ಅನೇಕ ಮನೆಗಳು ಚಾಲಿಯ ಕಡೆ ವಾಲಿವೆ, ಕಾರಣ ಸುಲಿಯುವವರ ಕೊರತೆ: ಕೆಂಪಡಿಕೆಗೆ ಅಂದಿನದನ್ನು ಅಂದೇ ಸುಲಿಯಬೇಕು, ಚಾಲಿಯನ್ನು ಒಣಗಿಸಿಟ್ಟು ಮಳೆಗಾಲದ ಬಿಡುವಿನಲ್ಲೂ ಸುಲಿಯಬಹುದು.

ಚಾಲಿ ಕೆಡುವುದು ಎರಡು ಕಾರಣಕ್ಕೆ. ಗುಡ್ಡೆಯಾಗಿ ದಪ್ಪ ಹರವಿದರೆ ಕೆಳಗಿನದು ಬೆವತು ಒಳಗೆ ಬೂಸಲು ಹಿಡಿಯುತ್ತದೆ. ಅಕಾಲದ ಮಳೆ ಬಿದ್ದರೆ ಸಿಪ್ಪೆ ಕಪ್ಪಾಗುತ್ತದೆ, ನೀರು ಒಳಗಿಳಿದರೆ ತಿರುಳೂ ಹಾಳು. ಮೋಡ ಕಟ್ಟಿದರೆ ಮನೆಮಂದಿಯೆಲ್ಲ ಊಟ ಬಿಟ್ಟು ಅಂಗಳಕ್ಕೆ ಓಡುವುದು ಅದಕ್ಕೇ. ಒಣಗಿದೆಯೇ ಎಂದು ನೋಡುವ ಸುಲಭ ಉಪಾಯವನ್ನು ಮಕ್ಕಳಿಗೆ ತೋರಿಸಿ: ಒಂದು ಅಡಿಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಣಗಿದ್ದು ಒಳಗೆ ಗುಡುಗುಡು ಸದ್ದು ಮಾಡುತ್ತದೆ, ಹಸಿಯಿದ್ದುದು ಮೂಕ. ಅದನ್ನು ಅಡಕತ್ತರಿಯಲ್ಲಿ ಕತ್ತರಿಸಿ ಕೊಡಲು ಹೇಳಿ. ಬಿಳಿಯ ನಡುವೆ ಕಂದು ಗೆರೆಗಳು ಕವಲೊಡೆದ ಚಿತ್ರ ಹೋಳು ಹೋಳಿಗೂ ಬೇರೆ.

ರಾತ್ರಿ ಸುಲಿಯುವುದನ್ನು ತಪ್ಪಿಸಿಕೊಳ್ಳಬೇಡಿ. ಮರದ ಹಲಗೆಗೆ ನಿಲ್ಲಿಸಿದ ಚೂಪು ಅಲಗು, ಹಲಗೆಯನ್ನು ಕಾಲಿನಿಂದ ಮೆಟ್ಟಿ ಕೂರುವುದರಿಂದ ಅದಕ್ಕೆ ‘ಮೆಟ್ಟುಗತ್ತಿ’ ಎಂಬ ಹೆಸರು. ಕಾಯಿಯನ್ನು ಅಲಗಿನ ಮೊನೆಗೆ ಚುಚ್ಚಿ, ಮಣಿಕಟ್ಟನ್ನು ಒಂದು ಸಲ ಹೊರಳಿಸಿದರೆ ಸಿಪ್ಪೆಯ ಒಂದು ಮಗ್ಗುಲು ತೆರೆಯುತ್ತದೆ, ಇನ್ನೊಂದು ಸಲಕ್ಕೆ ಅಡಿಕೆ ಬುಟ್ಟಿಗೆ, ಸಿಪ್ಪೆ ಬದಿಗೆ. ಕೈ ನೋಡದೆ, ಮಾತಾಡುತ್ತಲೇ ಸುಲಿಯುತ್ತಾರೆ. ಕೂಲಿ ಅಳತೆಯ ಮೇಲೆ, ಎಷ್ಟು ಡಬ್ಬ ಸುಲಿದರೋ ಅಷ್ಟಕ್ಕೆ. ಆದ್ದರಿಂದ ಅವರ ಕೈ ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವರ ಸಂಪಾದನೆ ನಿಲ್ಲುತ್ತದೆ, ಸುಲಿಯುತ್ತಿರುವಾಗಲೇ ಕೇಳಿ. ಮಕ್ಕಳ ಕೈಗೆ ಮೆಟ್ಟುಗತ್ತಿ ಕೊಡಬೇಡಿ, ಹಿರಿಯವನಿಗೂ ಬೇಡ.

ಇನ್ನು ಮೂರು ತಪ್ಪುಗಳು ಬಂದವರಿಂದ ಆಗುತ್ತಿರುತ್ತವೆ. ಚಪ್ಪಲಿ ಹಾಕಿಕೊಂಡು ಹರವಿದ ಅಡಿಕೆಯ ಮೇಲೆ ನಡೆಯುವುದು ಒಂದು. ಮಕ್ಕಳು ಆಟಕ್ಕೆ ಒಂದು ಗುಡ್ಡೆಯ ಅಡಿಕೆಯನ್ನು ಇನ್ನೊಂದಕ್ಕೆ ಹಾಕುವುದು ಇನ್ನೊಂದು. ಎಲ್ಲ ಒಂದೇ ಥರ ಕಂಡರೂ ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ದರ್ಜೆಗಳೆಲ್ಲಕ್ಕೂ ದರ ಬೇರೆ, ಬೆರೆತರೆ ಮನೆಯವರು ಕೂತು ಆರಿಸಬೇಕು. ಮೂರನೆಯದು ಒಳ್ಳೆಯ ಬಟ್ಟೆ. ಚೊಗರಿನ ಕಲೆ ಒಮ್ಮೆ ಹಿಡಿದರೆ ಹೋಗುವುದಿಲ್ಲ. ಹಳೆಯ ಬಟ್ಟೆ ಹಾಕಿಸಿ.

ಅಡಿಕೆ ಬಾಯಿಗೆ ಹಾಕುವ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಮಕ್ಕಳು ಒಂದು ಚೂರು ಕೇಳಿಯೇ ಕೇಳುತ್ತಾರೆ. ಹಸಿ ಅಡಿಕೆ ಸೊಕ್ಕುತ್ತದೆ: ಎದೆ ಹಿಡಿದಂತಾಗಿ, ಬೆವರಿ, ತಲೆ ತಿರುಗುತ್ತದೆ. ಅಕಸ್ಮಾತ್ ಆದರೆ ಉಗಿಸಿ, ಬಾಯಿ ತೊಳೆಸಿ, ನೀರು ಕುಡಿಸಿ, ಗಾಳಿಯಲ್ಲಿ ಕೂರಿಸಿ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗದಿದ್ದರೆ ವೈದ್ಯರಲ್ಲಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಈ ಬೆಳೆಯನ್ನೇ ನಂಬಿರುವ ಊರಿನಲ್ಲಿ ಇದು ಕಷ್ಟದ ಮಾತು, ಆದರೂ 11 ವರ್ಷದ ಮಗುವಿಗೆ ಎರಡನ್ನೂ ಒಟ್ಟಿಗೆ ಹೇಳಬಹುದು, ಹೇಳಬೇಕು.

ಸುಗ್ಗಿಯ ಕಾಲವೇ ಮಂಗನ ಕಾಯಿಲೆಯ ಕಾಲ ಕೂಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆಗಳಿಂದ (ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಹುಳುಗಳಿಂದ) ಬರುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ, ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿದೆ. ಹೆದರಿ ಪ್ರವಾಸ ಬಿಡಬೇಕಿಲ್ಲ. ಆ ವರ್ಷ ಎಲ್ಲಾದರೂ ಮಂಗ ಸತ್ತ ಸುದ್ದಿಯಿದೆಯೇ ಎಂದು ಮನೆಯವರನ್ನು ಕೇಳಿ. ತೋಟ, ಅಂಗಳ ಸಾಕು. ಸುತ್ತಲಿನ ಬೆಟ್ಟಕ್ಕೆ ಹೋಗುವುದು, ದರಕಿನ (ಒಣ ಎಲೆಗಳ) ಮೇಲೆ ಕೂರುವುದು ಬೇಡ. ಉದ್ದ ಪ್ಯಾಂಟು ಹಾಕಿ ಅದರ ತುದಿ ಸಾಕ್ಸಿನೊಳಗೆ ಸೇರಿಸಿ. ಸಂಜೆ ಬಿಸಿನೀರಿನ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳು, ಸೊಂಟ ನೋಡಿ. ಊರಿಗೆ ಮರಳಿದ ವಾರದೊಳಗೆ ಯಾರಿಗಾದರೂ ಜೋರು ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ನೀವಾಗಿಯೇ ಹೇಳಿ, ಅವರು ಕೇಳದೇ ಇರಬಹುದು.

ಶನಿವಾರ ಊಟವಾದ ಮೇಲೆ ಎರಡು ಗಂಟೆಗೆ ಪೇಟೆಗೆ ಹೋಗಿ ಬನ್ನಿ. ಅಡಿಕೆ ಮಾರುಕಟ್ಟೆಯ ಪ್ರಾಂಗಣದಲ್ಲಿ ರೈತರ ಚೀಲಗಳನ್ನು ಲಾಟುಗಳಾಗಿ ಇಡುತ್ತಾರೆ, ವ್ಯಾಪಾರಿಗಳು ಕೈಯಲ್ಲಿ ಹಿಡಿದು ನೋಡಿ ಕ್ವಿಂಟಲ್ ಲೆಕ್ಕದಲ್ಲಿ ದರ ಬರೆಯುತ್ತಾರೆ, ಹೆಚ್ಚು ಬರೆದವರಿಗೆ ಮಾಲು. ಭಾನುವಾರ ಅಲ್ಲಿ ಏನೂ ಇರುವುದಿಲ್ಲ. ಶನಿವಾರ ವ್ಯಾಪಾರ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬೆಳೆಗಾರರೇ ಕಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ 1923ರಿಂದ ಇಲ್ಲಿದೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಸೊಸೈಟಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕಾಳುಮೆಣಸು, ಏಲಕ್ಕಿ, ಹಾಳೆತಟ್ಟೆ, ಹಲಸಿನ ಹಪ್ಪಳ ಕೊಳ್ಳಬಹುದು. ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಕೊಂಡರೆ ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿಸಿ ನಿಲ್ಲಿಸಿಯೇ ಒಯ್ಯಿರಿ, ಕಾರಿನ ಬಿಸಿಗೆ ತೆಳ್ಳಗಾಗಿ ಸೋರುತ್ತದೆ. ಮಾರಿಕಾಂಬಾ ದೇವಸ್ಥಾನ ಪೇಟೆಯಲ್ಲೇ ಇದೆ, ಅರ್ಧ ಗಂಟೆ ಸಾಕು. ನಾಲ್ಕೂವರೆಗೆ ಅಂಗಳಕ್ಕೆ ಮರಳಿ: ಇಬ್ಬನಿ ಬೀಳುವ ಮೊದಲು ಹರವಿದ ಕೆಂಪಡಿಕೆಯನ್ನು ಒಟ್ಟುಮಾಡುವ ಹೊತ್ತು ಅದು, ಮಕ್ಕಳು ಕೈ ಹಾಕಬಹುದಾದ ಕೆಲಸವೂ ಅದೊಂದೇ.

ಭಾನುವಾರ ಏಳೂವರೆಗೆ ಹೊರಟು 23 ಕಿಲೋಮೀಟರ್ ದೂರದ ಬನವಾಸಿಗೆ ಹೋಗಿ. ಕದಂಬರ ರಾಜಧಾನಿ, ವರದಾ ನದಿಯ ದಂಡೆ, ಮಧುಕೇಶ್ವರ ದೇವಾಲಯ. ನೆಲ ಸಮತಟ್ಟು, ತಾಯಿಯವರಿಗೆ ಕಷ್ಟವಿಲ್ಲ. ಶಾಲ್ಮಲಾ ನದಿಯ ಸಹಸ್ರಲಿಂಗವೂ ಈ ಕಾಲದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅಲ್ಲಿ ಬಂಡೆಗಳ ಮೇಲೆ ಕಾಲಿಡಬೇಕು, ಮೇಲಾಗಿ ಅದು ನಿಮ್ಮ ದಾರಿಗೆ ವಿರುದ್ಧ ದಿಕ್ಕು. ಬನವಾಸಿಯಿಂದ ಶಿರಸಿಗೆ ವಾಪಸ್ ಬರುವುದು ಬೇಡ. ಆನವಟ್ಟಿ, ಹಾನಗಲ್ ಮೇಲೆ ಹಾವೇರಿಗೆ ಬಂದು ಹೆದ್ದಾರಿ ಸೇರಿ. ಹತ್ತಕ್ಕೆ ಬನವಾಸಿ ಬಿಟ್ಟರೆ ದಾವಣಗೆರೆಯಲ್ಲಿ ಊಟ, ಐದರ ಸುಮಾರಿಗೆ ತುಮಕೂರು. ಭಾನುವಾರ ಸಂಜೆ ತುಮಕೂರಿನಿಂದ ಬೆಂಗಳೂರಿನ ಕಡೆ ವಾಹನ ಕಟ್ಟಿಕೊಳ್ಳುವ ಮೊದಲೇ ನೀವು ದಾಟಿರಬೇಕು.

ಹೊರಡುವ ಮೊದಲು ಮನೆಯವರಲ್ಲಿ ಕೇಳಿ ಮಕ್ಕಳಿಗೆ ಒಂದೊಂದು ಹಣ್ಣಡಿಕೆ ತೆಗೆದುಕೊಳ್ಳಿ, ಸಿಪ್ಪೆ ಸುಲಿಯದ್ದು, ಬಿಸಿಲಿಗೆ ಹಾಕದ್ದು, ಒಣಗಿಸಿದ್ದು ಮೊಳೆಯುವುದಿಲ್ಲ. ಕುಂಡದಲ್ಲಿ ಮರಳು ತುಂಬಿ, ತೊಟ್ಟು ಮೇಲಾಗಿ ಹೂತು, ನೆರಳಿನಲ್ಲಿಟ್ಟು ದಿನಾ ನೀರು ಕೊಟ್ಟರೆ ನಲವತ್ತು ದಿನ ಕಳೆದ ಮೇಲೆ ಮೊಳಕೆ ಶುರು. ಮೂರು ತಿಂಗಳಾಗಿ ಎಲೆ ಬಿಟ್ಟ ಮೇಲೆ ಮಣ್ಣು, ಗೊಬ್ಬರ ತುಂಬಿದ ದೊಡ್ಡ ಕುಂಡಕ್ಕೆ ಬದಲಿಸಿ, ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿಡಿ.